ಹತ್ತಕ್ಕೆ ಹತ್ತು

ಪೂರ್ಣಾಂಕವೆಂಬುದು ಎಲ್ಲ ವಿದ್ಯೆಗಳಲ್ಲಿಯೂ ಒಂದೇ ಬಗೆಯದಲ್ಲ. ಲೆಕ್ಕದ ಉತ್ತರ ಪತ್ರಿಕೆಗೆ ನೂರಕ್ಕೆ ನೂರು ಹಾಕಲು ಹಿಂದುಮುಂದು ನೋಡದ ಉಪಾಧ್ಯಾಯರು, ಕನ್ನಡ ಪ್ರಬಂಧಕ್ಕೆ ಹತ್ತಕ್ಕೆ ಹತ್ತು ಹಾಕಬೇಕಾಗಿ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಅದು ಜಿಪುಣತನವಲ್ಲ. ಲೆಕ್ಕಕ್ಕೆ ಉತ್ತರ ಮೊದಲೇ ಉಂಟು. ಹುಡುಗ ಅದನ್ನು ಮುಟ್ಟಿದನೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಪ್ರಬಂಧಕ್ಕಾದರೋ, ಇದಕ್ಕಿಂತ ಚೆನ್ನಾದದ್ದು ಇನ್ನೊಂದು ಬರಲಾರದೆಂದು ಯಾರು ತಾನೆ ಹೇಳಬಲ್ಲರು? ಹಾಗಿರುವಾಗ, ಗೆರೆಯಿಲ್ಲದ, ಗುರುತಿಲ್ಲದ, ಕ್ಷಣಕ್ಕೊಂದು ರೂಪ ತಾಳುವ ಸಮುದ್ರದ ಅಲೆಯ ಮೇಲೆ ಹಲಗೆಯೊಂದರಲ್ಲಿ ಜಾರಿಬಂದವನಿಗೆ ದಡದಲ್ಲಿ ಕುಳಿತವರು ಹತ್ತಕ್ಕೆ ಹತ್ತು ಕೊಡುವುದು ಯಾವ ಧೈರ್ಯದಿಂದ?

ನಜರ್‌ಬಾದಿನಲ್ಲಿ ಕುಳಿತು ಸಮುದ್ರದ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಮ್ಮ ಮೊಹಲ್ಲಾಕ್ಕೆ ಸಮೀಪದ ದೊಡ್ಡ ನೀರೆಂದರೆ ಕಾರಂಜಿ ಕೆರೆ. ಅದರಲ್ಲಿ ಏಳುವ ಅಲೆ ಬಾತುಕೋಳಿಯ ಸವಾರಿಗೂ ಸಾಲದು. ಆದರೆ ತೀರ್ಪಿನ ಪ್ರಶ್ನೆ ಮೈಸೂರಿಗೆ ಹೊಸದಲ್ಲ. ಗರಡಿಯ ಮಟ್ಟಿಯಲ್ಲಿ, ಅರಮನೆಯ ತೊಟ್ಟಿಯಲ್ಲಿ, ನಾಣ್ಯದ ಲೆಕ್ಕದಲ್ಲಿ ಕೂಡ, ಪೂರ್ಣವೆಂದರೆ ಯಾವುದು ಎಂಬುದನ್ನು ನಮ್ಮ ಹಿರಿಯರು ತಮ್ಮದೇ ರೀತಿಯಲ್ಲಿ ಗೊತ್ತುಮಾಡಿಕೊಂಡಿದ್ದರು. ಅದನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ ಕಡಲಿನ ಹತ್ತು ಸ್ವಲ್ಪ ಹತ್ತಿರಕ್ಕೆ ಬರುತ್ತದೆ.

ಮೊದಲು ಆಟದ ಪರಿಚಯ. ಅಲೆಯ ಮೇಲೆ ಹಲಗೆಯೂರಿ ನಿಂತು ಬರುವ ಸರ್ಫಿಂಗ್ ಆಟ ಹವಾಯಿ ದ್ವೀಪಗಳ ಪುರಾತನ ವಿನೋದ. ಅದರ ಒಂದು ಕವಲು ‘ನೀಬೋರ್ಡ್’. ಮಂಡಿ ಹಲಗೆ ಎನ್ನೋಣ. ಸವಾರನು ನಿಲ್ಲುವುದಿಲ್ಲ, ಚಿಕ್ಕದೊಂದು ಹಲಗೆಯ ಮೇಲೆ ಮಂಡಿಯೂರಿ ಕುಳಿತು, ಪಾದಗಳಿಗೆ ಕಟ್ಟಿದ ರಬ್ಬರಿನ ಈಜುರೆಕ್ಕೆಗಳಿಂದ ನೀರನ್ನೊದ್ದು ಅಲೆಯನ್ನು ಹಿಡಿಯುತ್ತಾನೆ. ದೇಹದ ಭಾರವೆಲ್ಲ ತಗ್ಗಿನಲ್ಲಿರುವುದರಿಂದ ಕಡಿದಾದ ಅಲೆಯಲ್ಲಿ ಅವನಿಗೆ ಹಿಡಿತ ಹೆಚ್ಚು. ದೊಡ್ಡ ಅಲೆ ಮುಂದಕ್ಕೆ ಬಾಗಿ ಸುರುಳಿಯಾಗಿ ಬೀಳುವಾಗ ಒಳಗೆ ಕೊಳವೆಯಂಥ ಟೊಳ್ಳು ಏರ್ಪಡುತ್ತದಷ್ಟೆ? ಅದರೊಳಕ್ಕೆ ಹೊಕ್ಕು ಹೊರಬರುವುದೇ ಈ ವಿದ್ಯೆಯ ತುತ್ತತುದಿ. ನಿಂತವನು ತಲೆ ತಗ್ಗಿಸಿ ನುಸುಳಬೇಕಾದ ಕಡೆ ಮಂಡಿಯೂರಿದವನು ತಾನಿದ್ದಂತೆಯೇ ಹೊಕ್ಕುಬಿಡುತ್ತಾನೆ.

ಈ ಕವಲಿಗೆ ಮರ್ಯಾದೆ ತಂದವನು ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಊರಿನ ಜಾರ್ಜ್ ಗ್ರೀನೊ. 1960ರ ದಶಕದಲ್ಲಿ ಆತ ಚಮಚದಂತೆ ಒಳಬಾಗಿದ, ಬಳುಕುವ ಹಲಗೆಯೊಂದನ್ನು ಮಾಡಿಕೊಂಡ. ಟ್ಯೂನಾ ಮೀನಿನ ರೆಕ್ಕೆಯನ್ನು ನೋಡಿ ಹಲಗೆಯ ಅಡಿಗೆ ಬಳುಕುವ ರೆಕ್ಕೆಯನ್ನು ಹಾಕಿದ. ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನ ತರುಣರ ಎದುರಿಗೆ ಮಂಡಿಯೂರಿಕೊಂಡೇ ಅವರು ಕಂಡರಿಯದ ತಿರುವುಗಳನ್ನು ತೆಗೆದ. ಮುಂದೆ ಹೆಗಲಿಗೆ ಭಾರವಾದ ಕ್ಯಾಮೆರಾ ಕಟ್ಟಿಕೊಂಡು ಅಲೆಯ ಕೊಳವೆಯ ಒಳಗಿನಿಂದಲೇ ಚಿತ್ರ ತೆಗೆದು ಜಗತ್ತಿಗೆ ತೋರಿಸಿದ. ಇಷ್ಟೆಲ್ಲ ಮಾಡಿದ ಮನುಷ್ಯ ಸ್ಪರ್ಧೆಗಳ ಗೊಡವೆಗೆ ಹೋದವನಲ್ಲ. ಮಂಡಿ ಹಲಗೆಯ ಸವಾರಿ ಎಲ್ಲಿಯವರೆಗೆ ಹೋಗಬಲ್ಲುದೆಂದು ತೋರಿಸಿದವನೇ ಅಂಕ ಹಾಕುವವರ ಎದುರಿಗೆ ನಿಲ್ಲಲು ಮನಸ್ಸು ಮಾಡಲಿಲ್ಲವೆಂಬುದು ಈ ಇತಿಹಾಸದ ಒಂದು ಸ್ವಾರಸ್ಯ.

ಆದರೆ ಸ್ಪರ್ಧೆಯೆಂದ ಮೇಲೆ ಅಂಕ ಬೇಕು. ಈಗ ನಡೆದಿರುವ ಪದ್ಧತಿ ಹೀಗೆ: ದಡದ ಮೇಲೆ ಎತ್ತರದ ಅಟ್ಟಣೆಯಲ್ಲಿ ಸಾಮಾನ್ಯವಾಗಿ ಐವರು ತೀರ್ಪುಗಾರರು ಕುಳಿತಿರುತ್ತಾರೆ. ಒಬ್ಬರ ಅಂಕವನ್ನು ಇನ್ನೊಬ್ಬರು ಕೇಳಿ ಹಾಕುವಂತಿಲ್ಲ. ಸವಾರನು ಹಿಡಿದ ಪ್ರತಿಯೊಂದು ಅಲೆಗೂ ಸೊನ್ನೆಯಿಂದ ಹತ್ತರವರೆಗೆ, ದಶಾಂಶ ಸಹಿತವಾಗಿ ಅಂಕ. ಎರಡರೊಳಗೆ ಕಳಪೆ, ನಾಲ್ಕರೊಳಗೆ ಸುಮಾರು, ಆರರೊಳಗೆ ಸಾಧಾರಣ, ಎಂಟರೊಳಗೆ ಒಳ್ಳೆಯದು, ಎಂಟು ದಾಟಿದರೆ ಅತ್ಯುತ್ತಮ. ಐವರ ಅಂಕಗಳಲ್ಲಿ ಅತಿ ಹೆಚ್ಚಿನದೊಂದನ್ನೂ ಅತಿ ಕಡಿಮೆಯದೊಂದನ್ನೂ ತೆಗೆದುಹಾಕಿ, ಉಳಿದ ಮೂರರ ಸರಾಸರಿಯನ್ನು ಆ ಅಲೆಗೆ ಕೊಡುತ್ತಾರೆ. ಗೊತ್ತಾದ ಅವಧಿಯಲ್ಲಿ ಒಬ್ಬನು ಎಷ್ಟು ಅಲೆ ಹಿಡಿದರೂ ಲೆಕ್ಕಕ್ಕೆ ಬರುವುದು ಅವನ ಉತ್ತಮವಾದ ಎರಡು. ಅಲ್ಲಿಗೆ ಪೂರ್ಣಾಂಕ ಇಪ್ಪತ್ತು.

ಈ ಲೆಕ್ಕದೊಳಗೊಂದು ಸೂಕ್ಷ್ಮವಿದೆ. ನಾಲ್ವರು ಹತ್ತು ಕೊಟ್ಟು ಒಬ್ಬರು 9.5 ಕೊಟ್ಟರೆಂದುಕೊಳ್ಳಿ. ಆ 9.5 ಕೆಳಗಿನದೆಂದು ಬಿದ್ದುಹೋಗುತ್ತದೆ. ಹತ್ತುಗಳಲ್ಲೊಂದು ಮೇಲಿನದೆಂದು ಬಿದ್ದುಹೋಗುತ್ತದೆ. ಉಳಿದ ಮೂರರ ಸರಾಸರಿ ಹತ್ತು. ಒಬ್ಬರು ಒಪ್ಪದಿದ್ದರೂ ಅಲೆ ಪೂರ್ಣ. ಇಬ್ಬರು 9.8ಕ್ಕೆ ನಿಂತರೋ, ಅವುಗಳಲ್ಲಿ ಒಂದು ಉಳಿದುಕೊಂಡು ಸರಾಸರಿ 9.93ಕ್ಕೆ ಇಳಿಯುತ್ತದೆ. ಅಂದರೆ ಈ ಹತ್ತು ಸರ್ವಾನುಮತದ ಹತ್ತಲ್ಲ. ಐವರಲ್ಲಿ ನಾಲ್ವರ ಹತ್ತು. ಪಕ್ಷಪಾತಿಯೊಬ್ಬನ ಪ್ರೀತಿಯೂ ಹಟಮಾರಿಯೊಬ್ಬನ ಹಗೆಯೂ ಫಲಿತಾಂಶವನ್ನು ಕೆಡಿಸಬಾರದೆಂದು ಮಾಡಿದ ಏರ್ಪಾಡು ಇದು. ನಮ್ಮ ಪರೀಕ್ಷಾ ಮಂಡಲಿಗಳು ಇದನ್ನು ಒಮ್ಮೆ ಪರಿಶೀಲಿಸಿದರೆ ನಷ್ಟವೇನೂ ಆಗದು.

ಇನ್ನು, ತೀರ್ಪುಗಾರರು ನೋಡುವುದೇನನ್ನು? ಸವಾರನು ಎಷ್ಟು ಎದೆಗಾರಿಕೆಯಿಂದ ಅಲೆಗೆ ಮೈಯೊಡ್ಡಿದ, ಮಾಡಿದ ಕೆಲಸ ಎಷ್ಟು ಕಠಿಣ, ಅದರಲ್ಲಿ ಹೊಸತನವೇನು, ದೊಡ್ಡ ಪಟ್ಟುಗಳನ್ನು ಒಂದಕ್ಕೊಂದು ಹೇಗೆ ಹೆಣೆದ, ವೈವಿಧ್ಯವೆಷ್ಟು, ವೇಗ, ಬಲ, ಓಟದ ಸೊಗಸು ಹೇಗೆ ಎಂಬಿವು. ಇವುಗಳಲ್ಲಿ ಒಂದನ್ನಾದರೂ ಅಳತೆಗೋಲಿನಿಂದ ಅಳೆಯಲಾಗದು. ಮೇಲಾಗಿ, ಆ ದಿನದ ಕಡಲು ಹೇಗಿದೆಯೋ ಅದಕ್ಕೆ ತಕ್ಕಂತೆ ಮಾನದಂಡ. ಮೊದಲು ಬಂದ ಒಂದೆರಡು ಅಲೆಗಳಿಗೆ ಕೊಟ್ಟ ಅಂಕವೇ ಮುಂದಿನವುಗಳಿಗೆಲ್ಲ ಅಡಿಗಲ್ಲು. ಬೆಳಗ್ಗೆ ಆತುರಪಟ್ಟು ಹತ್ತು ಕೊಟ್ಟುಬಿಟ್ಟರೆ, ಮಧ್ಯಾಹ್ನ ಅದಕ್ಕಿಂತ ಉತ್ತಮವಾದದ್ದು ಬಂದಾಗ ಕೊಡಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹನ್ನೊಂದು ಎಂಬ ಅಂಕ ಇಲ್ಲ. ಆದ್ದರಿಂದ ಹತ್ತು ಕೊಡುವವನು ಕಣ್ಣೆದುರು ಆದುದನ್ನು ಅಳೆಯುವುದರ ಜೊತೆಗೆ, ಇನ್ನೂ ಆಗದಿರುವುದರ ಬಗ್ಗೆಯೂ ಒಂದು ಮಾತು ಕೊಡುತ್ತಾನೆ: ಇಂದಿನ ಈ ನೀರಿನಲ್ಲಿ ಇದನ್ನು ಮೀರಿಸುವಂಥದು ಬರಲಾರದು ಎಂದು.

ಇದಕ್ಕೆ ತೀರ ವಿರುದ್ಧವಾದದ್ದು ನಮ್ಮ ಗರಡಿಯ ತೀರ್ಪು. ನಾಡಕುಸ್ತಿಯಲ್ಲಿ ಅಂಕವೆಂಬುದೇ ಇರಲಿಲ್ಲ. ಎದುರಾಳಿಯ ಬೆನ್ನು ಮಟ್ಟಿಗೆ ತಾಗಿತೋ, ಚಿತ್ ಆಯಿತು; ತಾಗಲಿಲ್ಲವೋ, ಏನೂ ಆಗಲಿಲ್ಲ. ಎಷ್ಟು ಚೆಂದದ ಪಟ್ಟುಗಳನ್ನು ಹಾಕಿದರೂ, ಎಷ್ಟು ಹೊತ್ತು ಮೇಲುಗೈ ಸಾಧಿಸಿದ್ದರೂ, ಚಿತ್ ಆಗದೆ ವೇಳೆ ಮುಗಿದರೆ ಜೋಡಿ ಸಮವೇ. ಅಲ್ಲಿ ಇರುವುದು ಸೊನ್ನೆ ಮತ್ತು ಪೂರ್ಣ ಎಂಬ ಎರಡೇ ಅಂಕ. ನೆಲವೇ ತೀರ್ಪುಗಾರ.

ಹಾಗಾದರೆ ಮನುಷ್ಯ ತೀರ್ಪುಗಾರನಿಗೆ ಕೆಲಸವೇನು? ಕೆಲಸವೆಲ್ಲ ಕುಸ್ತಿಗೆ ಮುಂಚೆಯೇ. ಮೈಸೂರು ದಸರಾ ಕುಸ್ತಿಗೆ ಮೊದಲು ‘ಜೋಡಿ ಕಟ್ಟುವುದು’ ಎಂಬ ಒಂದು ಸಂಪ್ರದಾಯವುಂಟು. ಉಸ್ತಾದರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ವಯಸ್ಸು, ಅನುಭವ ನೋಡಿ, ಸರಿಸಮಾನರನ್ನು ಜೊತೆಮಾಡುತ್ತಾರೆ. ನ್ಯಾಯವೆಲ್ಲ ಅಲ್ಲಿ ಮುಗಿದುಹೋಗುತ್ತದೆ. ಅಖಾಡದಲ್ಲಿ ಉಳಿದದ್ದು ನೆಲ ನೋಡಿಕೊಳ್ಳುತ್ತದೆ. ಈ ಪದ್ಧತಿಯ ಬೇರು ಬಹಳ ಹಿಂದಿನದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಜಟ್ಟಿ ಕಾಳಗವನ್ನು ಕಂಡು ಬರೆದಿಟ್ಟಿದ್ದಾನೆ. ಹೊಡೆತಕ್ಕೆ ಹಲ್ಲು ಮುರಿಯುವುದನ್ನೂ ಕಣ್ಣಿಗೆ ಪೆಟ್ಟಾಗುವುದನ್ನೂ ಹೇಳಿದ ಮೇಲೆ ಆತ ಇನ್ನೊಂದನ್ನು ಮರೆಯದೆ ಸೇರಿಸುತ್ತಾನೆ: ಜಟ್ಟಿಗಳಿಗೆ ನಾಯಕರೂ ತೀರ್ಪುಗಾರರೂ ಇದ್ದರು; ಕಣದಲ್ಲಿ ಎಲ್ಲರನ್ನೂ ಸಮನಾದ ನೆಲೆಯಲ್ಲಿ ನಿಲ್ಲಿಸುವುದೂ, ಗೆದ್ದವನಿಗೆ ಸಲ್ಲತಕ್ಕ ಗೌರವವನ್ನು ಸರಿಯಾಗಿ ಗೊತ್ತುಮಾಡುವುದೂ ಅವರ ಹೊಣೆ. ಅದಕ್ಕೂ ನಾಲ್ಕು ಶತಮಾನ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಮಲ್ಲರನ್ನು ತರಗತಿಗಳಾಗಿ ವಿಂಗಡಿಸಿದ್ದ.

ವಜ್ರಮುಷ್ಟಿಯ ತೀರ್ಪು ಇನ್ನೂ ಚುಟುಕು. ವಿಜಯದಶಮಿಯ ದಿನ ಜಂಬೂಸವಾರಿಗೆ ಮುನ್ನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು, ಬೆರಳುಗಳಿಗೆ ವಜ್ರನಖ ತೊಟ್ಟು ಸೆಣಸುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಕಡೆಯ ಜಟ್ಟಿ ಮನೆತನಗಳಿಗೆ ಸೇರಿದ ವಿದ್ಯೆ. ತಲೆಯಿಂದ ರಕ್ತದ ಮೊದಲ ಹನಿ ಕಾಣಿಸಿದೊಡನೆ ಕಾಳಗ ನಿಂತುಹೋಗುತ್ತದೆ. ಅನೇಕ ವೇಳೆ ನೋಡುವವರು ಸರಿಯಾಗಿ ಕಣ್ಣು ನಿಲ್ಲಿಸುವುದರೊಳಗೆ ಮುಗಿದಿರುತ್ತದೆ. ಯಾರ ಪಟ್ಟು ಸೊಗಸು ಎಂದು ಅಲ್ಲಿ ಚರ್ಚೆಗೆ ಎಡೆಯಿಲ್ಲ.

ಜಟ್ಟಿಗಳ ಮಾತು ಬಂದ ಮೇಲೆ ರಣಧೀರ ಕಂಠೀರವ ನರಸರಾಜ ಒಡೆಯರನ್ನು (1638–1659) ನೆನೆಯದಿರಲಾಗದು. ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಸೊಕ್ಕಿನ ಜಟ್ಟಿಯನ್ನು ಸೋಲಿಸಿ ಬಂದರೆಂಬ ಕಥೆಯನ್ನು ಮೈಸೂರಿನ ಮಕ್ಕಳೆಲ್ಲರೂ ಕೇಳಿದ್ದಾರೆ. ನಮ್ಮ ಪ್ರಶ್ನೆಗೆ ಬೆಳಕು ಕೊಡುವುದು ಆ ಕಥೆಯಲ್ಲ, ಅವರ ನಾಣ್ಯ. ಕಂಠೀರವರು ಟಂಕಿಸಿದ್ದು ಕಂಠೀರಾಯ ಹಣವೆಂಬ ಸಣ್ಣ ಚಿನ್ನದ ನಾಣ್ಯ. ಅದರ ಮೇಲೆ ನರಸಿಂಹನ ಮೂರ್ತಿ. ಇಂಥ ಹತ್ತು ಹಣಗಳಿಗೆ ಒಂದು ಕಂಠೀರಾಯ ವರಹವೆಂದು ಲೆಕ್ಕ. ಆದರೆ ಆ ವರಹವನ್ನು ಕಣ್ಣಿನಿಂದ ಕಂಡವರಿಲ್ಲ, ಏಕೆಂದರೆ ಅದನ್ನು ಟಂಕಿಸಲೇ ಇಲ್ಲ. ಅದು ಕಡತದಲ್ಲಿ ಮಾತ್ರ ಇದ್ದ ನಾಣ್ಯ. ಹಾಗಿದ್ದೂ ವ್ಯವಹಾರವೆಲ್ಲ ಅದರ ಲೆಕ್ಕದಲ್ಲಿ ಸಾಗುತ್ತಿತ್ತು. ಎಲ್ಲರೂ ಒಪ್ಪಿದ್ದರಿಂದ ಅದಕ್ಕೆ ಬೆಲೆ ಇತ್ತು. ಅಲೆಸವಾರಿಯ ಹತ್ತು ಇಂಥದೇ ಒಂದು ವರಹವೆಂದು ನನಗೆ ತೋರುತ್ತದೆ. ಎಂಟು, ಒಂಬತ್ತುಗಳು ಕೈಗೆ ಸಿಕ್ಕುವ ಹಣಗಳು. ಹತ್ತು ಮಾತ್ರ, ಕೊಡುವವರೂ ಪಡೆಯುವವರೂ ನಂಬಿದ್ದರಿಂದ ಚಲಾವಣೆಯಾಗುವಂಥದು.

ಹಾಗೆಂದ ಮಾತ್ರಕ್ಕೆ ನೀರಿನ ಮೇಲಿನ ಹಲಗೆಯಾಟಕ್ಕೆ ಕಣ್ಣಿಗೆ ಕಾಣುವ ಗುರುತನ್ನು ಕಟ್ಟಲಾಗದೆಂದಲ್ಲ. ನಮ್ಮ ಕರಾವಳಿಯವರು ಅದನ್ನೂ ಮಾಡಿದ್ದಾರೆ. ಕಂಬಳವೆಂದರೆ ಕೋಣಗಳ ಓಟವೆಂದಷ್ಟೇ ಘಟ್ಟದ ಮೇಲಿನ ನಾವು ತಿಳಿದಿರುತ್ತೇವೆ. ಅದರಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳುಂಟು. ಕನೆಹಲಗೆಯ ಕ್ರಮ ಬೆರಗು ಹುಟ್ಟಿಸುವಂಥದು. ಕೋಣಗಳ ಹಿಂದೆ ಮರದ ಹಲಗೆ, ಅದರ ಮೇಲೆ ಕಾಲೂರಿ ನಿಂತ ಓಟಗಾರ, ಹಲಗೆಯಲ್ಲಿ ತೂತು. ಗಂತಿನಿಂದ ಹೊರಟ ಜೋಡಿ ಕೆಸರುನೀರಿನ ಕರೆಯಲ್ಲಿ ಮಂಜೊಟ್ಟಿಯ ಕಡೆಗೆ ಧಾವಿಸುವಾಗ, ಆ ತೂತಿನಿಂದ ನೀರು ಕಾರಂಜಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಬಟ್ಟೆಯ ನಿಶಾನೆಗಳನ್ನು ಕಟ್ಟಿರುತ್ತಾರೆ: ಒಂದು ಆರೂವರೆ ಕೋಲಿಗೆ, ಇನ್ನೊಂದು ಏಳೂವರೆ ಕೋಲಿಗೆ. ನೀರು ನಿಶಾನೆಯನ್ನು ತೋಯಿಸಿತೋ ಇಲ್ಲವೋ, ಅದೇ ತೀರ್ಪು. ಇಲ್ಲಿ ಮೊದಲು ಬಂದವರು ಯಾರೆಂಬ ಪ್ರಶ್ನೆಯಿಲ್ಲ. ನಿಶಾನೆಗೆ ನೀರು ಹಾಯಿಸಿದ ಜೋಡಿಗಳು ಎರಡು ಮೂರು ಇದ್ದರೆ ಅವಕ್ಕೆ ಸಮಾನ ಬಹುಮಾನವೆಂದು ಸಾರುವುದುಂಟು. ಪೂರ್ಣಾಂಕ ಪಡೆದವರಲ್ಲಿ ಮತ್ತೆ ಮೇಲು ಕೀಳು ಹುಡುಕುವ ಗೋಜಿಲ್ಲ. ಇದು ನನಗೆ ಬಹಳ ಮೆಚ್ಚುಗೆಯಾದ ನಿಯಮ.

ಓಟದ ವಿಭಾಗಗಳಲ್ಲಿ ಈಗ ಲೇಸರ್ ಕಿರಣದ ಸಾಧನವೇ ಬಂದಿದೆ. ಆದರೆ ಅಂಕಿ ಖಚಿತವಾದ ಮಾತ್ರಕ್ಕೆ ಹೋಲಿಕೆ ಖಚಿತವಾಗುವುದಿಲ್ಲ. 2020ರ ಫೆಬ್ರವರಿಯಲ್ಲಿ ಮೂಲ್ಕಿಯ ಸಮೀಪದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರುಗಳನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದು ಹೇಳಿ, ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟರು; ದೇಶವೆಲ್ಲ ಗುಲ್ಲೆದ್ದಿತು. ಕೆಸರಿನಲ್ಲಿ, ಕೋಣಗಳ ಎಳೆತದೊಂದಿಗೆ ಓಡಿದ ಓಟಕ್ಕೂ ರಬ್ಬರಿನ ಹಾದಿಯಲ್ಲಿ ಒಬ್ಬನೇ ಓಡಿದ ಓಟಕ್ಕೂ ಸೆಕೆಂಡು ಒಂದೇ. ಆದರೆ ಓಟ ಒಂದೇ ಅಲ್ಲ. ಗೌಡರೇ ಈ ಹೋಲಿಕೆಯನ್ನು ತಲೆಗೇರಿಸಿಕೊಳ್ಳಲಿಲ್ಲ.

ಅಮೆರಿಕದ ಅಲೆಸವಾರರೂ ಒಮ್ಮೆ ನಿಶಾನೆ ಕಟ್ಟಲು ಪ್ರಯತ್ನಿಸಿದರು. ಹವಾಯಿಯ ಮಕಾಹ ದಂಡೆಯಲ್ಲಿ 1950ರ ದಶಕದಲ್ಲಿ ಆರಂಭವಾದ ಸ್ಪರ್ಧೆಗಳಲ್ಲಿ ಅಲೆಯ ಗಾತ್ರ, ಸವಾರಿಯ ಉದ್ದ, ಸವಾರನ ಕೌಶಲ್ಯ ಇವನ್ನೆಲ್ಲ ಕಣ್ಣಂದಾಜಿನಿಂದ ತೂಗುತ್ತಿದ್ದರು. ಜಗಳಗಳಿಗೆ ಕೊರತೆಯಿರಲಿಲ್ಲ. ಆಗ ಟಾಮ್ ಮೋರೆ ಎಂಬಾತ ಒಂದು ಉಪಾಯ ಹೂಡಿದ. 1965ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ವೆಂಚುರಾದಲ್ಲಿ ಆತ ನಡೆಸಿದ ಸ್ಪರ್ಧೆಯಲ್ಲಿ ಒಂದೇ ನಿಯಮ: ಹಲಗೆಯ ಮೂತಿಯ ಭಾಗಕ್ಕೆ ಗುರುತು ಹಾಕಿದೆ, ಅದರ ಮೇಲೆ ಸವಾರನು ಎಷ್ಟು ಹೊತ್ತು ನಿಲ್ಲುತ್ತಾನೋ ಅಷ್ಟೇ ಅವನ ಅಂಕ. ದಡದಲ್ಲಿ ಕುಳಿತವರಿಗೆ ಸ್ಟಾಪ್‌ವಾಚ್ ಒತ್ತುವುದಷ್ಟೇ ಕೆಲಸ. ವಾದಕ್ಕೆ ಎಡೆಯೇ ಇಲ್ಲದ ತೀರ್ಪು! ಗೆದ್ದವರಿಗೆ ಹಣದ ಬಹುಮಾನವೂ ಇತ್ತು.

ತೀರ್ಪು ಶುದ್ಧವಾಯಿತು, ಆಟ ಬಡವಾಯಿತು. ಅಲೆ ಏನು ಮಾಡುತ್ತಿದೆ, ಸವಾರ ಅದಕ್ಕೆ ಏನು ಉತ್ತರ ಕೊಟ್ಟ ಎಂಬುದೆಲ್ಲ ಗಡಿಯಾರಕ್ಕೆ ಕಾಣುವುದಿಲ್ಲ. ಮರುವರ್ಷವೇ, 1966ರಲ್ಲಿ, ಸಾನ್ ಡಿಯಾಗೋದಲ್ಲಿ ವಿಶ್ವ ಸ್ಪರ್ಧೆ ನಡೆಯಿತು. ಹಲಗೆಯ ಮೂತಿಯ ಮೇಲೆ ನಿಲ್ಲುವುದರಲ್ಲಿ ಡೇವಿಡ್ ನೂಯಿವಾ ಎಂಬ ತರುಣನನ್ನು ಮೀರಿಸಿದವರಿಲ್ಲವೆಂದು ಅಮೆರಿಕದವರ ಅಭಿಮಾನ. ಆದರೆ ಗೆದ್ದವನು ಆಸ್ಟ್ರೇಲಿಯದ ನ್ಯಾಟ್ ಯಂಗ್. ಮೂತಿಯ ಮೇಲೆ ಕಂಬದಂತೆ ನಿಲ್ಲುವ ಬದಲು ಆತ ಅಲೆಯ ಎದೆಯ ಮೇಲೆ ಬಲವಾದ ತಿರುವುಗಳನ್ನು ಕೊರೆದ. ಅವನ ಹಲಗೆಯ ಅಡಿಗೆ ಇದ್ದದ್ದು ಮಂಡಿ ಹಲಗೆಯ ಗ್ರೀನೊ ರೂಪಿಸಿದ ಬಗೆಯ ರೆಕ್ಕೆ. ಸ್ಪರ್ಧೆಗೆ ಬಾರದ ಮನುಷ್ಯನ ಕೈಕೆಲಸ ಸ್ಪರ್ಧೆಯ ಮಾನದಂಡವನ್ನೇ ತಿರುಗಿಸಿಬಿಟ್ಟಿತು. ಹಿಂದಿನ ವರ್ಷ ಪೂರ್ಣವೆನಿಸಿದ್ದುದು ಈಗ ಒಂದು ಅಲಂಕಾರ ಮಾತ್ರವಾಯಿತು. ಮಾನದಂಡವನ್ನು ಮರದ ತುಂಡಿನ ಮೇಲೆ ಗೀಚಿಟ್ಟಿದ್ದರೆ ಇಂಥ ಬದಲಾವಣೆಗೆ ದಾರಿಯೇ ಇರುತ್ತಿರಲಿಲ್ಲವಲ್ಲ!

ಇಲ್ಲಿ ಮಂಡಿ ಹಲಗೆಯ ತೀರ್ಪಿನ ವಿಶೇಷ ತೊಡಕನ್ನು ಹೇಳಬೇಕು. ನಿಂತ ಸವಾರನ ವಿಷಯದಲ್ಲಿ ಕೊಳವೆಯೊಳಗೆ ಹೊಕ್ಕು ಬರುವುದಕ್ಕೆ ಅಂಕ ಹೆಚ್ಚು, ಏಕೆಂದರೆ ಅದು ಕಷ್ಟ. ಮಂಡಿಯೂರಿದವನಿಗೆ ಅದೇ ಕೆಲಸ ಸ್ವಲ್ಪ ಸಲೀಸು. ಹಾಗಾದರೆ ಅವನಿಗೆ ಅಂಕ ಕಡಿಮೆಯೇ? ಅದೇ ವೇಳೆಗೆ, ನಿಂತವನು ಸೊಂಟ ತಿರುಗಿಸಿ, ಮಂಡಿ ಬಾಗಿಸಿ, ತೋಳು ಬೀಸಿ ತೆಗೆಯುವ ತಿರುವನ್ನು ಇವನು ಮಡಿಸಿದ ಕಾಲಿನಲ್ಲೇ ತೆಗೆಯಬೇಕು. ಅದು ಇವನಿಗೆ ಕಷ್ಟ. ಅದಕ್ಕೆ ಅಂಕ ಹೆಚ್ಚೇ? ಇಬ್ಬರನ್ನೂ ಒಂದೇ ಕಣದಲ್ಲಿಟ್ಟರೆ ಈ ಗೊಂದಲಕ್ಕೆ ಕೊನೆಯಿಲ್ಲ. ಅದಕ್ಕಾಗಿಯೇ ಮಂಡಿ ಹಲಗೆಗೆ ಪ್ರತ್ಯೇಕ ವಿಭಾಗ. ನಮ್ಮ ಉಸ್ತಾದರು ಜೋಡಿ ಕಟ್ಟುವಾಗ ಬಗೆಹರಿಸುವ ಪ್ರಶ್ನೆಯನ್ನೇ ಅವರು ವಿಭಾಗ ಮಾಡಿ ಬಗೆಹರಿಸಿದರು. ಮಂಡಿಯೂರಿದವರ ನಡುವೆ ಮಂಡಿಯೂರಿದವನದೇ ಹತ್ತು. ಆದರೂ ಅಟ್ಟಣೆಯ ಮೇಲೆ ಕುಳಿತವರ ಕಣ್ಣು ದಿನವೆಲ್ಲ ನಿಂತವರನ್ನು ನೋಡಿ ಪಳಗಿದ್ದಾದರೆ, ಸಂಜೆ ಮಂಡಿ ಹಲಗೆಯವರು ನೀರಿಗಿಳಿದಾಗ ಆ ಕಣ್ಣನ್ನೇ ಬದಲಾಯಿಸಿಕೊಳ್ಳಬೇಕು. ಭರತನಾಟ್ಯವನ್ನು ನೋಡಿದ ಬೆನ್ನಿಗೇ ಯಕ್ಷಗಾನಕ್ಕೆ ಅಂಕ ಹಾಕಿದಂತೆ.

ಪೂರ್ಣಾಂಕದ ಕಷ್ಟವನ್ನು ಅತ್ಯಂತ ಬಹಿರಂಗವಾಗಿ ಅನುಭವಿಸಿದವರು ಅಂಗಸಾಧನೆಯವರು. 1976ರ ಮಾಂಟ್ರಿಯಲ್ ಒಲಿಂಪಿಕ್ ಕೂಟದಲ್ಲಿ ಹದಿನಾಲ್ಕು ವಯಸ್ಸಿನ ರುಮೇನಿಯದ ನಾಡಿಯಾ ಕೊಮನೆಚಿಗೆ ತೀರ್ಪುಗಾರರು ಹತ್ತು ಕೊಟ್ಟಾಗ, ಫಲಕದ ಮೇಲೆ 1.00 ಎಂದು ಮೂಡಿತು. ಹತ್ತು ಯಾರಿಗೂ ಬರುವುದಿಲ್ಲವೆಂಬ ನಂಬಿಕೆಯಿಂದ ಫಲಕದಲ್ಲಿ ಅದಕ್ಕೆ ಎಡೆಯನ್ನೇ ಇಟ್ಟಿರಲಿಲ್ಲ. ಆ ಕೂಟದಲ್ಲಿ ಆಕೆಗೆ ಏಳು ಬಾರಿ ಹತ್ತು ಬಂದಿತು. ಬಾಗಿಲು ಒಮ್ಮೆ ತೆರೆದ ಮೇಲೆ ಹತ್ತು ಪಡೆಯುವವರು ಹೆಚ್ಚಿದರು; 2004ರ ಅಥೆನ್ಸ್ ಕೂಟದಲ್ಲಿ ಅಂಕಗಳ ಬಗ್ಗೆ ದೊಡ್ಡ ವಿವಾದವೆದ್ದಿತು; 2006ರಲ್ಲಿ ಆ ಹಳೆಯ ಹತ್ತನ್ನೇ ರದ್ದುಮಾಡಿ, ಕಾಠಿಣ್ಯಕ್ಕೆ ಬೇರೆ, ನಿರ್ವಹಣೆಗೆ ಬೇರೆ ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು ತಂದರು. ಕುಸ್ತಿಯಲ್ಲಿಯೂ ಅಂಕಗಳು ಬಂದುಬಿಟ್ಟಿವೆ. ಫ್ರೀಸ್ಟೈಲ್ ಪಂದ್ಯದಲ್ಲಿ ಹತ್ತು ಅಂಕಗಳ ಅಂತರ ಬಿದ್ದರೆ ಅಲ್ಲಿಗೆ ಪಂದ್ಯ ಮುಗಿಯುತ್ತದೆ. ಆದರೆ ಒಂದು ಸಮಾಧಾನ: ಎಷ್ಟೇ ಹಿಂದೆ ಬಿದ್ದವನೂ ಎದುರಾಳಿಯನ್ನು ಚಿತ್ ಮಾಡಿದನೆಂದರೆ ಅಂಕದ ಲೆಕ್ಕವೆಲ್ಲ ಒರಸಿಹೋಗಿ ಅವನೇ ಗೆದ್ದವನು. ಗರಡಿಯ ಹಳೆಯ ನ್ಯಾಯ ಇನ್ನೂ ಬದುಕಿದೆ.

ಅಲೆಸವಾರರು ಮಾತ್ರ ತಮ್ಮ ಹತ್ತನ್ನು ಬಿಟ್ಟುಕೊಡಲಿಲ್ಲ. ಉತ್ತಮವಾದ ಮೂರು ಅಲೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದ ಕಾಲದಲ್ಲಿ, 1996ರಲ್ಲಿ, ಆಸ್ಟ್ರೇಲಿಯದ ಕಿರಾ ದಂಡೆಯಲ್ಲಿ ಶೇನ್ ಬೆಶನ್ ಎಂಬಾತ ಮೂವತ್ತಕ್ಕೆ ಮೂವತ್ತು ಪಡೆದ. ಎರಡು ಅಲೆಗಳ ಪದ್ಧತಿ ಬಂದ ಮೇಲೆ 2005ರಲ್ಲಿ ತಹೀತಿಯ ಟೆಯಾಹುಪೊ ದಂಡೆಯಲ್ಲಿ ಕೆಲಿ ಸ್ಲೇಟರ್ ಇಪ್ಪತ್ತಕ್ಕೆ ಇಪ್ಪತ್ತು ಗಳಿಸಿದ. ಅದೂ ಅಂತಿಮ ಪಂದ್ಯದಲ್ಲಿ.

ಅದೇ ಟೆಯಾಹುಪೊ ದಂಡೆಯಲ್ಲಿ 2024ರ ಜುಲೈಯಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಅಲೆಸವಾರಿ ನಡೆಯಿತು. ಬ್ರೆಜಿಲಿನ ಗಾಬ್ರಿಯೆಲ್ ಮೆದಿನಾ ಎದುರಿಗೆ ಇದ್ದವನು ಜಪಾನಿನ ಕನೋವಾ ಇಗರಾಶಿ. ಇಬ್ಬರಿಗೂ ಹಳೆಯ ಲೆಕ್ಕವಿತ್ತು. 2021ರಲ್ಲಿ ನಡೆದ ಟೋಕಿಯೋ ಕೂಟದ ಉಪಾಂತ್ಯ ಪಂದ್ಯದಲ್ಲಿ ಇಗರಾಶಿಗೆ 17.00, ಮೆದಿನಾಗೆ 16.76 ಬಂದು, ಕಾಲು ಅಂಕಕ್ಕೂ ಕಡಿಮೆ ಅಂತರದಲ್ಲಿ ಮೆದಿನಾ ಸೋತಿದ್ದ. ತೀರ್ಪುಗಾರರು ಅನ್ಯಾಯ ಮಾಡಿದರೆಂದು ಬ್ರೆಜಿಲಿನವರು ಬೊಬ್ಬೆ ಹಾಕಿದ್ದರು. ಈ ಸಲ ಮೆದಿನಾ ಭಾರಿ ಕೊಳವೆಯೊಂದನ್ನು ಹೊಕ್ಕು ಹೊರಬಂದವನೇ ಹತ್ತು ಬೆರಳುಗಳನ್ನೂ ಎತ್ತಿ ದಡಕ್ಕೆ ತೋರಿಸಿದ. ಅಲೆಯ ಬೆನ್ನಿನಿಂದ ಮೇಲಕ್ಕೆ ಚಿಮ್ಮಿ, ಒಂದು ಬೆರಳನ್ನು ಆಕಾಶಕ್ಕೆ ಎತ್ತಿ ಗಾಳಿಯಲ್ಲಿ ನೆಟ್ಟಗೆ ನಿಂತಂತಿರುವ ಅವನ ಚಿತ್ರವನ್ನು ವಾಚಕರಲ್ಲಿ ಅನೇಕರು ಪತ್ರಿಕೆಗಳಲ್ಲಿ ಕಂಡಿರಬಹುದು. ತೀರ್ಪುಗಾರರು ಕೊಟ್ಟದ್ದು 9.90. ಒಲಿಂಪಿಕ್ ಅಲೆಸವಾರಿಯಲ್ಲಿ ಅದುವರೆಗೆ ಅಷ್ಟು ಅಂಕ ಯಾರಿಗೂ ಬಂದಿರಲಿಲ್ಲ, ಆದರೂ ಹತ್ತಲ್ಲ. ಆ ಹತ್ತನೆಯ ಒಂದು ಭಾಗವನ್ನು ಹಿಡಿದಿಟ್ಟುಕೊಂಡದ್ದಕ್ಕೆ ಕಾರಣ, ಇನ್ನೂ ಉತ್ತಮವಾದದ್ದು ಬರಬಹುದೆಂಬ ಎಚ್ಚರಿಕೆಯೇ ಇರಬೇಕು. ಬೆರಳು ಎಣಿಸುವವನು ನೀರಿನಲ್ಲಿದ್ದವನು. ಕಡಲನ್ನು ಎಣಿಸಬೇಕಾದವರು ದಡದಲ್ಲಿದ್ದವರು.

ಈ ಆಟ ಈಗ ನಮ್ಮ ನಾಡಿಗೂ ಬಂದಿದೆ. ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು; 2011ರಲ್ಲಿ ಭಾರತೀಯ ಸರ್ಫಿಂಗ್ ಒಕ್ಕೂಟ ಹುಟ್ಟಿತು. ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಸಸಿಹಿತ್ಲು ದಂಡೆಯಲ್ಲಿ 2016ರ ಮೇ ತಿಂಗಳಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು, 2023ರಲ್ಲಿ ಪಣಂಬೂರಿನಲ್ಲಿ. ಮಳೆಗಾಲಕ್ಕೆ ಮುನ್ನ ಕಡಲು ಉಬ್ಬತೊಡಗುವ ಕಾಲವನ್ನು ನೋಡಿ ಈ ಕೂಟಗಳನ್ನು ಇಟ್ಟುಕೊಳ್ಳುತ್ತಾರೆ. ಕನೆಹಲಗೆಗೆ ನಿಶಾನೆ ಕಟ್ಟುವ ಊರುಗಳಿಂದ ಇದು ಕೆಲವೇ ಮೈಲಿ ದೂರ. ಒಂದೇ ತಾಲ್ಲೂಕಿನ ಆಸುಪಾಸಿನಲ್ಲಿ, ಚಳಿಗಾಲದಲ್ಲಿ ಹಲಗೆಯಾಟವನ್ನು ಕೋಲಿನಿಂದ ಅಳೆಯುತ್ತಾರೆ, ಬೇಸಿಗೆಯ ಕೊನೆಯಲ್ಲಿ ಕಣ್ಣಿನಿಂದ.

ಆ ಕಣ್ಣಿನ ಅಳತೆಯ ಮೇಲೆ ನಿಂತಿರುವುದು ಸಣ್ಣ ಸಂಗತಿಯಲ್ಲ. ಸಸಿಹಿತ್ಲಿನ ಅಲೆ ತಹೀತಿಯ ಅಲೆಯಲ್ಲ. ಇಲ್ಲಿನ ಎಂಟೂ ಅಲ್ಲಿನ ಎಂಟೂ ಒಂದೇ ತೂಕದವಲ್ಲ. ಇಲ್ಲಿ ಎಂಟು ಪಡೆದು ಹಿಗ್ಗಿದ ಹುಡುಗ ಹೊರದೇಶದ ನೀರಿಗೆ ಇಳಿದಾಗ ಆ ಎಂಟು ಎಷ್ಟಕ್ಕೆ ಸಲ್ಲುತ್ತದೆಂಬುದು, ಅಂಕ ಹಾಕಿದವನು ಕೈ ಬಿಗಿ ಹಿಡಿದಿದ್ದನೋ ಸಡಿಲ ಬಿಟ್ಟಿದ್ದನೋ ಎಂಬುದರ ಮೇಲೆ ಹೋಗುತ್ತದೆ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಇಳಿದವರಲ್ಲಿ ಮೀನುಗಾರ ಮನೆಗಳ ಮಕ್ಕಳೇ ಹಲವರು. ರಾಷ್ಟ್ರದ ತಂಡದಲ್ಲಿ ಎಡೆ ಸಿಕ್ಕುವುದೂ ತಪ್ಪುವುದೂ ಒಂದು ದಶಾಂಶದ ಮಾತು. ಉದಾರವಾಗಿ ಕೊಟ್ಟ ಹತ್ತು ಆ ಹೊತ್ತಿಗೆ ಸಂತೋಷವನ್ನುಂಟುಮಾಡಿದರೂ, ಆಮೇಲೆ ಅದನ್ನು ತೆತ್ತವನು ಆ ಹುಡುಗನೇ ಆಗುತ್ತಾನೆ.

2025ರ ಆಗಸ್ಟ್ ತಿಂಗಳಿನಲ್ಲಿ ತಮಿಳುನಾಡಿನ ಮಾಮಲ್ಲಪುರದಲ್ಲಿ ಏಷ್ಯ ಖಂಡದ ಸರ್ಫಿಂಗ್ ಕೂಟ ನಡೆಯಿತು. ಪುರುಷರ ಅಂತಿಮ ಪಂದ್ಯದಲ್ಲಿ ಕರ್ನಾಟಕದ ರಮೇಶ್ ಬೂದಿಹಾಳ್ ಕಂಚಿನ ಪದಕ ಗೆದ್ದರು. ಆ ಕೂಟದಲ್ಲಿ ಭಾರತೀಯನೊಬ್ಬನಿಗೆ ವೈಯಕ್ತಿಕವಾಗಿ ಬಂದ ಮೊದಲ ಪದಕ ಅದು. ಎರಡು ಅಲೆಗಳಿಂದ ಅವರಿಗೆ ಬಂದ ಅಂಕ 12.60; ಅಂದರೆ ಅಲೆಯೊಂದಕ್ಕೆ 6.30. ತೀರ್ಪುಗಾರರ ಪಟ್ಟಿಯಲ್ಲಿ ಅದರ ಹೆಸರು ‘ಒಳ್ಳೆಯದು’. ನಮ್ಮ ಪರೀಕ್ಷೆಗಳ ಲೆಕ್ಕದಲ್ಲಿ ಹೇಳುವುದಾದರೆ, ಪ್ರಥಮ ದರ್ಜೆ.